ಮಂಡಿಗೂ ಮೊದಲು ನೆನಪಿನ ಪರೀಕ್ಷೆ

ಅವ್ವನ ಎರಡೂ ಮಂಡಿ ಕೆಟ್ಟು, ಹೆಮ್ಮಿಗೆಯ ಮನೆಯಲ್ಲಿ ಹಿತ್ತಿಲಿಗೂ ತೆವಳಿಕೊಂಡೇ ಹೋಗುವ ಹಾಗಾದಾಗ ಅವಳನ್ನು ನಂಜನಗೂಡಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ ಮಾಡಿದರೆ ನಡೆಯುತ್ತಾಳೆ ಅಂದರು. ಅದಕ್ಕೂ ಮೊದಲು ನೆನಪಿನ ಪರೀಕ್ಷೆ. ಆಮೇಲಿನ ವ್ಯಾಯಾಮವನ್ನು ನೆನಪಿಟ್ಟು ಮಾಡದವರಿಗೆ ಹೊಸ ಮಂಡಿ ಹಾಕಿ ಪ್ರಯೋಜನವಿಲ್ಲವಂತೆ. ಸರಿ ಅಂದೆ. ಆಸ್ಪತ್ರೆಯಲ್ಲಿ ನಮ್ಮಂಥವರು ಸರಿ ಅನ್ನದೆ ಇನ್ನೇನು ಅಂದಾರು?

ನಮಗಿಂತ ಮುಂಚೆ ದೇವಸ್ಥಾನದ ಬೀದಿಯ ರಿಟೈರಾದ ಸ್ಕೂಲ್ ಮೇಡಂ ಒಬ್ಬರಿದ್ದರು. ಅವ್ವನ ಓರಗೆಯವರು, ಅವ್ವನಂಥದೇ ಮಂಡಿ. ಕಾಯುವಾಗ ನನ್ನನ್ನು ಯಾವೂರು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಒಳಗೆ ಹೋಗಿ ತಾರೀಕು ಹೇಳಿ, ಗಡಿಯಾರದ ಚಿತ್ರ ಬರೆದು, ನಗುತ್ತಾ ಹೊರಬಂದರು. ಜೀವಮಾನವೆಲ್ಲ ಮಕ್ಕಳಿಗೆ ಅದನ್ನೇ ಕಲಿಸಿದವರು. ಈಗ ಅವರು ನಡೆಯುತ್ತಾರೆ. ನನಗೇನೂ ಹೊಟ್ಟೆಕಿಚ್ಚಿಲ್ಲ.

ಅವ್ವನಿಗೂ ತಾರೀಕು ಕೇಳಿದರು. "ಅಮಾಸೆ ಕಳ್ದು ಮೂರ್ ದಿನ ಆಯ್ತು ಕಣವ್ವ" ಅಂದಳು. ಗಡಿಯಾರ ಬರೆಯಲು ಪೆನ್ನು ಕೊಟ್ಟರೆ ಊದುಬತ್ತಿಯ ಹಾಗೆ ಹಿಡಿದು ಕೂತಳು. ಕೊನೆಗೆ ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಹರಡಿ ಎಣಿಸಿ ಅಂದರು. ಅವ್ವನ ಮುಖ ಅರಳಿತು.

"ಲಾಬ, ಎಲ್ಡು, ಮೂರು..."

ಪರೀಕ್ಷೆ ಮಾಡುತ್ತಿದ್ದ ಹುಡುಗಿ ತಡೆದಳು. "ಅಜ್ಜಿ, ಮೊದಲಿಂದ ಎಣಿಸಿ."

"ಲಾಬ, ಎಲ್ಡು..."

ನಮ್ಮಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ, ಮನೆಗೆ ಒಳ್ಳೆಯದಾಗಲಿ ಅಂತ. ಅವ್ವ ಮೊಟ್ಟೆಯನ್ನೂ ಬೆರಣಿಯನ್ನೂ ಹಾಗೇ ಎಣಿಸಿದವಳು. ಅದನ್ನು ಹೇಳಲು ಬಾಯಿ ತೆಗೆದೆ. "ನೀವು ಹೇಳಿಕೊಡಬಾರದು ಮೇಡಂ" ಅಂದಳು ಹುಡುಗಿ.

"ಅಜ್ಜಿಗೆ ಮರೆವು ಶುರುವಾಗಿದೆ, ಕೆಲವು ತಿಂಗಳು ಬಿಟ್ಟು ನೋಡೋಣ" ಅಂದರು ಡಾಕ್ಟರು. ಲಾಭದ ವಿಷಯ ಅವರಿಗೂ ಹೇಳಿದೆ. ತಲೆಯಾಡಿಸಿ ಮುಂದಿನವರನ್ನು ಕರೆಸಿದರು.

ಮನೆಯಲ್ಲಿ ದಿನಾ ಸಂಜೆ ಅವ್ವನಿಗೆ ಒಂದು ಅನ್ನುವುದನ್ನು ಕಲಿಸಿದೆ. "ಮೊದಲ್ಗೇ ಒಂದು ಅಂದ್ಬುಟ್ರೆ ಮನ್ಗೆ ಒಳ್ಳೇದಲ್ಲ ಕಣವ್ವ" ಅಂತ ಹಟ ಮಾಡಿದಳು. ಆಮೇಲೆ ತನ್ನ ಕಾಲು ನೋಡಿಕೊಂಡು ಒಪ್ಪಿದಳು. ತಾರೀಕು ಕಲಿತಳು. ಗಡಿಯಾರವನ್ನೂ ಸೊಟ್ಟಗೆ ಬರೆದಳು.

ಆ ತಿಂಗಳುಗಳು ಕಳೆದು ಎರಡನೆಯ ಸಲ ಹೋದಾಗ ಎಲ್ಲವನ್ನೂ ಸರಿಯಾಗಿ ಹೇಳಿದಳು. ಡಾಕ್ಟರು ನೆನಪು ಚೆನ್ನಾಗಿದೆ ಅಂದರು. ಆಮೇಲೆ ಅವಳ ತೊಡೆಗಳನ್ನು ಒತ್ತಿ ನೋಡಿ, ನನ್ನನ್ನು ಆಚೆ ಕರೆದು, "ಕಾಲಲ್ಲಿ ಶಕ್ತಿಯೇ ಉಳಿದಿಲ್ಲ. ಈಗ ಮಾಡಿದರೂ ನಿಲ್ಲಲಾರರು. ಮೊದಲೇ ಬರಬೇಕಿತ್ತು" ಅಂದರು.

ಮೊದಲೇ ಬಂದಿದ್ದೆವು. ಅದನ್ನು ಹೇಳುವಷ್ಟು ಸಿಟ್ಟಾದರೂ ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ.

ಅವ್ವನನ್ನು ಎತ್ತಿ ಆಟೋದಲ್ಲಿ ಕೂರಿಸಿದೆ.

"ನಾ ಪಾಸಾದ್ನಾ?" ಅಂದಳು.

"ಪಾಸಾದೆ ಕಣವ್ವ."

"ಅಂಗಾರೆ ಆಪ್ರೇಸನ್ಗೆ ಯಾವತ್ತು ಬರೇಳವ್ರೆ?"