ನಮ್ಮ ಬೀದಿಯ ಬೋರು, ನಮ್ಮ ಭಾವನ ವಾದ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನಿಂದ ಮದುವೆಯಾಗಿ ತಿ. ನರಸೀಪುರಕ್ಕೆ ಬಂದೆ. ಪಿಯುಸಿಯಲ್ಲಿ ತರ್ಕಶಾಸ್ತ್ರ ಓದಿದ್ದೆ. ಯಾವ ವಾದ ಎಲ್ಲಿ ಮುಗ್ಗರಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಪುಸ್ತಕದಲ್ಲಿದ್ದ ಅಷ್ಟೂ ತಪ್ಪುಗಳನ್ನು ಒಬ್ಬರ ಬಾಯಲ್ಲೇ ಕೇಳುವ ಯೋಗ ನನ್ನ ಹಣೆಯಲ್ಲಿದೆ ಎಂದು ಮಾತ್ರ ಆಗ ಗೊತ್ತಿರಲಿಲ್ಲ.

ಅವರು ನನ್ನ ಗಂಡನ ಅಣ್ಣ, ನನಗೆ ಭಾವ. ಪೇಟೆಯಲ್ಲಿ ಗೊಬ್ಬರದಂಗಡಿ, ನಮ್ಮ ಪಕ್ಕದಲ್ಲೇ ಮನೆ. ಸಂಜೆಯಾದರೆ ಬೀದಿಯ ಗಂಡಸರು ಅವರ ಜಗಲಿಯಲ್ಲಿ ಸೇರುತ್ತಿದ್ದರು. ಮಳೆ, ಮದುವೆ, ಎಲೆಕ್ಷನ್ನು, ಯಾವ ಮಾತೇ ಬರಲಿ, ಕೊನೆಗೆ ಭಾವ ತೊಡೆ ತಟ್ಟಿ ತೀರ್ಪು ಕೊಡುತ್ತಿದ್ದರು. ಉಳಿದವರು ತಲೆ ಆಡಿಸುತ್ತಿದ್ದರು. ಗಟ್ಟಿಯಾಗಿ ಹೇಳಿದ್ದೇ ಸತ್ಯ ಎನ್ನುವುದು ಆ ಜಗಲಿಯ ಕಾನೂನು.

ಕೆಲವು ವರ್ಷಗಳಾದ ಮೇಲೆ ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ನನ್ನ ಮಗಳು ಸೊರಗಿ ಕಣ್ಣು ಒಳಸೇರಿ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು. ನಾವೆಲ್ಲ ಕುಡಿಯುತ್ತಿದ್ದದ್ದು ಬೀದಿ ಕೊನೆಯ ಬೋರಿನ ನೀರು. ಅದರ ಸುತ್ತಲಿನ ಸಿಮೆಂಟು ಕಟ್ಟೆ ಒಡೆದು ಚರಂಡಿಯ ನೀರು ಒಳಗೆ ಇಳಿಯುತ್ತಿದ್ದದ್ದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಮನೆಯಲ್ಲಿ ನಲ್ಲಿ ಇದ್ದವರಿಗೆ ಕಾಯಿಲೆ ಬಂದಿರಲಿಲ್ಲ.

ಆ ಬೋರನ್ನು ಮುಚ್ಚಿಸಬೇಕು ಎಂದು ನಾನು ಹೇಳಿದಾಗ ಭಾವ ನಕ್ಕರು.

"ಬೋರ್ ತೆಗ್ಸಿದ್ ದಿನದಿಂದ ನಾನು ಇದೇ ನೀರು ಕುಡೀತಾ ಇವ್ನಿ ಕಣಮ್ಮ. ನಂಗೇನಾಗದೆ?"

ಅದು ಪುಸ್ತಕದ ತಪ್ಪುಗಳಲ್ಲಿ ಮೊದಲನೆಯದು. ಆಮೇಲೆ ಒಂದರ ಹಿಂದೆ ಒಂದು ಬಂದವು. ಅದನ್ನು ತೆಗೆಸಿದ ಹಳೆಯ ಪಂಚಾಯ್ತಿ ಅಧ್ಯಕ್ಷರು ದೇವರಂಥ ಮನುಷ್ಯರಂತೆ, ಅವರು ತೆಗೆಸಿದ ನೀರು ಕೆಡುತ್ತದೆಯೇ ಎಂದರು. ಇವತ್ತು ಬೋರು ಮುಚ್ಚಿದರೆ ನಾಳೆ ಹೊಳೆಗೂ ಬೇಲಿ ಹಾಕುತ್ತಾರೆ ಎಂದರು. ನಾನು ಕಪಿಲೆಯ ನೀರು ಕುಡಿದು ಬೆಳೆದವಳು, ನನಗೆ ಈ ಊರಿನದು ಯಾವುದೂ ಹಿಡಿಸುವುದಿಲ್ಲ ಎಂದರು. ಅದೇ ಕಪಿಲೆ ಹರಿದು ಬಂದು ಕಾವೇರಿಗೆ ಸೇರುವ ಊರಿನಲ್ಲಿ ಕೂತು ಈ ಮಾತು! ಜಗಲಿಯಲ್ಲಿ ಒಬ್ಬರಿಗಾದರೂ ನಗು ಬರಲಿಲ್ಲ. ಕೊನೆಗೆ, ಒಂದೋ ನೀರು ಚೆನ್ನಾಗಿದೆ, ಇಲ್ಲವೇ ಇಡೀ ಬೀದಿಯವರು ದಡ್ಡರು, ಯಾವುದು ಹೇಳು ಎಂದು ಸವಾಲು ಹಾಕಿದರು. ಎರಡನೆಯದನ್ನು ನಾನು ಗಂಭೀರವಾಗಿಯೇ ಯೋಚಿಸಿದೆ.

ಮಕ್ಕಳಿಗೆ ಕಾಯಿಲೆ ಬಂದದ್ದು ಐಸ್‌ಕ್ಯಾಂಡಿಯಿಂದ ಎಂದು ತೀರ್ಪಾಯಿತು. ನಮ್ಮ ಎದುರು ಮನೆಯಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಮುದುಕಿಗೂ ಭೇದಿಯಾಗಿತ್ತು. ಆಕೆ ಯಾವ ಗಾಡಿಯ ಹಿಂದೆ ಓಡಿ ಐಸ್‌ಕ್ಯಾಂಡಿ ತಿಂದಳು ಎಂದು ಕೇಳಿದೆ. ವಯಸ್ಸಾದ ಮೇಲೆ ಹಾಗೆಲ್ಲ ಆಗುತ್ತದೆ ಎಂದರು. ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಸಿಕ್ಕಿತು, ನೀರೊಂದನ್ನು ಬಿಟ್ಟು.

ಆ ವಾರದಲ್ಲೇ ಒಂದು ಬೆಳಿಗ್ಗೆ ಮಜ್ಜಿಗೆ ಇಸಿದುಕೊಳ್ಳಲು ಅವರ ಮನೆಗೆ ಹೋದೆ. ನನ್ನ ಓರಗಿತ್ತಿ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಜೀರಿಗೆ ಹಾಕಿ ನೀರು ಕುದಿಸುತ್ತಿದ್ದರು. ಯಾಕಕ್ಕ ಎಂದೆ.

"ನಿಮ್ ಭಾವನಿಗೆ ಗ್ಯಾಸ್ಟ್ರಿಕ್ ಅಲ್ವಾ. ಮದ್ವೆಯಾದಾಗಿಂದ ನಮ್ಮನೇಲಿ ಕಾಯ್ಸಿದ್ ನೀರೇ."

ನನಗೆ ಅಲ್ಲೇ ಕೂತು ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಂಜೆ ಜಗಲಿಯಲ್ಲಿ ಎಲ್ಲರೆದುರು ಆ ಮಾತು ತೆಗೆದೆ. ಭಾವ ಕುಡಿಯುವುದು ಕುದಿಸಿದ ನೀರು, ಅದಕ್ಕೇ ಅವರಿಗೆ ಏನೂ ಆಗಿಲ್ಲ ಎಂದೆ. ಇನ್ನು ವಾದ ಮುಗಿಯಿತು ಎಂದುಕೊಂಡೆ. ಭಾವ ಕಣ್ಣು ಕೂಡ ಮಿಟುಕಿಸಲಿಲ್ಲ.

"ಕಾಯ್ಸಿದ್ರೇನು, ನೀರು ಅದೇ ಅಲ್ವಾ?"

ಎಲ್ಲರೂ ತಲೆ ಆಡಿಸಿದರು. ಅವರ ಜೊತೆಗೆ ನನ್ನ ಗಂಡನೂ ಆಡಿಸಿದರು. ಮಗಳ ಪಕ್ಕ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಮನುಷ್ಯ. ಅವತ್ತು ನನಗೆ ಭಾವನಿಗಿಂತ ಗಂಡನ ಆ ತಲೆಯನ್ನು ಕಂಡು ಹೆಚ್ಚು ಅಸಹ್ಯವಾಯಿತು. ಭಾವನಿಗಾದರೂ ತನ್ನ ಮಾತಿನಲ್ಲಿ ನಂಬಿಕೆ ಇತ್ತು. ಇವರಿಗೆ ನಿಜ ಗೊತ್ತಿತ್ತು. ಮನೆಗೆ ಬಂದ ಮೇಲೆ, ದೊಡ್ಡವರ ಮುಂದೆ ಎದುರಾಡಬೇಡ, ಹೋಗಲಿ ಬಿಡು ಎಂದರು.

ಮಾರನೆಯ ದಿನ ಒಬ್ಬಳೇ ಹೋಗಿ ಹೆಲ್ತ್ ಇನ್‌ಸ್ಪೆಕ್ಟರನ್ನು ಕಂಡು ಕರೆದುಕೊಂಡು ಬಂದೆ. ಅವರು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ನೀರು ಕಳಿಸಿದವಳು ಅವಳೇ, ವರದಿ ಅವಳ ಕಡೆಗಲ್ಲದೆ ಇನ್ಯಾರ ಕಡೆಗೆ ಬರುತ್ತದೆ ಎಂದು ಭಾವ ಅಂದದ್ದು ನನ್ನ ಕಿವಿಗೆ ಬಿತ್ತು. ಅಷ್ಟರಲ್ಲಿ ಪಂಚಾಯ್ತಿಯಿಂದ ಇಬ್ಬರು ಬಂದು ಬೋರಿನ ಹ್ಯಾಂಡಲ್ ಬಿಚ್ಚಿಕೊಂಡು ಹೋಗಿದ್ದರು.

ಹೆಂಗಸರು ಗೊಣಗುತ್ತಾ ಮುಂದಿನ ಬೀದಿಯ ನಲ್ಲಿಗೆ ಕೊಡ ಹೊತ್ತರು. ಕೆಲವರು ನನ್ನ ಜೊತೆ ಮಾತು ಬಿಟ್ಟರು. ಸ್ವಲ್ಪ ದಿನಕ್ಕೆ ವಾಂತಿ ಭೇದಿ ನಿಂತಿತು. ಮಳೆಗಾಲ ಬಂದರೂ ಒಂದು ಮಗುವೂ ಕಾಯಿಲೆ ಬಿದ್ದು ಮಲಗಲಿಲ್ಲ. ಈಗಲಾದರೂ ಒಪ್ಪುತ್ತಾರೆ ಎಂದು ನಾನು ಒಳಗೊಳಗೇ ಕಾದಿದ್ದೆ. ಒಂದು ಸಂಜೆ ಭಾವ ನನ್ನನ್ನು ಜಗಲಿಗೆ ಕರೆದರು.

"ನೋಡ್ದಾ, ಈಗ ಒಬ್ರಿಗೂ ಕಾಯ್ಲೆ ಇಲ್ಲ. ಏನೂ ಇಲ್ದೆ ಇರೋದಕ್ಕೆ ಒಳ್ಳೆ ಬೋರ್ ಮುಚ್ಚುಸ್ಬುಟ್ಟೆ."

ನಾನು ಓದಿದ ಪುಸ್ತಕದಲ್ಲಿ ಈ ತಪ್ಪಿಗೆ ಹೆಸರಿರಲಿಲ್ಲ. ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ. ಹೊರಗೆ ಎಲ್ಲರ ಸಹಿ ಹಾಕಿಸಿ ಬೋರನ್ನು ಮತ್ತೆ ತೆರೆಸಬೇಕೆಂದು ಅರ್ಜಿ ತಯಾರಾಯಿತು. ನನ್ನ ಗಂಡನೂ ಸಹಿ ಹಾಕಿದರು.

ಆ ಹ್ಯಾಂಡಲ್ ಮಾತ್ರ ವಾಪಸ್ ಬರಲೇ ಇಲ್ಲ. ಅರ್ಜಿ ಓದಿ ಯಾರೋ ತಿರಸ್ಕರಿಸಿದರು ಎಂದಲ್ಲ. ಪಂಚಾಯ್ತಿ ಆಫೀಸಿನಲ್ಲಿ ಅದನ್ನು ಎಲ್ಲಿಟ್ಟರೋ ಅವರಿಗೇ ಗೊತ್ತಿರಲಿಲ್ಲ. ನಮ್ಮ ಬೀದಿಯ ಮಕ್ಕಳು ಉಳಿದದ್ದು ನನ್ನ ತರ್ಕದಿಂದ ಅಲ್ಲ, ಆ ಸೋಮಾರಿಗಳ ದಯೆಯಿಂದ.