ಗೂಟಕ್ಕೆ ಸಗಣಿ ಮೆತ್ತಿದ ಕೈ

ಆ ಬೇಲಿ ಒಣಗಿದ್ದು ನಿನ್ನ ಕೈಗುಣದಿಂದಲ್ಲ, ಪುಟ್ಟತಾಯಿ. ಒಣಗಿಸಿದವಳು ನಾನು. ಗೊತ್ತಿದ್ದೇ, ಬೇಕೆಂದೇ ಒಣಗಿಸಿದೆ — ಇಷ್ಟು ಹೇಳುವುದಕ್ಕೆ ನನ್ನ ತಲೆ ಪೂರ್ತಿ ನರೆಯಬೇಕಾಯಿತು.

ಮಂಡ್ಯದ ಕಡೆ ನಾಲೆಯ ನೀರು ಹರಿದ ಹೊಸತು ಅದು. ನಮ್ಮವರಿಗೆ ಮಳವಳ್ಳಿಗೆ ವರ್ಗವಾಗಿ ನಿಮ್ಮ ಪಕ್ಕದ ಮನೆಗೆ ಬಂದಿದ್ದೆವು. ತಾಲ್ಲೂಕು ಕಚೇರಿಯ ಗುಮಾಸ್ತರು. ಬೆಳಿಗ್ಗೆ ಪೇಟ ಸುತ್ತಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವರು, ಬಂದರೂ ಮಾತಿಲ್ಲ. ಮಕ್ಕಳಿಲ್ಲದ ಮನೆ. ನನ್ನಷ್ಟಕ್ಕೆ ನಾನೇ ಗೊಣಗಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. ಆಗ ನೀನು ನಿಡಘಟ್ಟದಿಂದ ಆಚೆ ಮನೆಗೆ ಸೊಸೆಯಾಗಿ ಬಂದೆ. ಎರಡು ಹಿತ್ತಿಲುಗಳ ನಡುವೆ ಏನೂ ಅಡ್ಡವಿರಲಿಲ್ಲ. ಒಲೆಗೆ ಕೆಂಡ ಬೇಕೆಂದು ನೀನು ಬರುತ್ತಿದ್ದೆ, ಕರಿಬೇವು ಬೇಕೆಂದು ಬರುತ್ತಿದ್ದೆ, ಬಂದವಳು ನಮ್ಮ ಬಾವಿಕಟ್ಟೆಯ ಮೇಲೆ ಕೂತೇ ಬಿಡುತ್ತಿದ್ದೆ. ನಿನ್ನ ನಗು ಕೇಳಿದ ದಿನ ನನಗೆ ಅನ್ನ ಸೇರುತ್ತಿತ್ತು.

ನಿನ್ನ ಅತ್ತೆ ನಿಂಗಮ್ಮನಿಗೆ ಇದು ಹಿಡಿಸಲಿಲ್ಲ. ಮೇಕೆಗಳು ಬದನೆ ಗಿಡ ಮೇಯುತ್ತವೆ, ಬೇಲಿ ಆಗಲೇಬೇಕು ಅಂದಳು. ಹಾಲವಾಣದ ಹಸಿ ಗೂಟಗಳು ಬಂದು ಬಿದ್ದವು. ನೆಟ್ಟ ಗೂಟವೇ ಚಿಗುರಿ ಮರವಾಗುವ ಜಾತಿ ಅದು.

"ಒಸ ಸೊಸೆ ಕೈಲೇ ನೆಡಿಸ್ತೀನಿ ಕಣವ್ವ, ಬೇಗ ಚಿಗುರ್ತದೆ" ಅಂದಳು ನಿಂಗಮ್ಮ.

ಕಡಿದ ಗೂಟದ ಮೇಲ್ತುದಿ ಒಣಗದಿರಲೆಂದು ಸಗಣಿ ಮೆತ್ತುತ್ತಾರೆ. ನೆಡುವವರು ಸಗಣಿ ನೋಡಿಯೇ ಮೇಲು ಯಾವುದು, ಬುಡ ಯಾವುದು ಅಂತ ತಿಳಿಯುವುದು. ನಾನು ಮೆತ್ತಿಕೊಡುತ್ತೇನೆ ಅಂತ ನಾನಾಗಿಯೇ ಮುಂದೆ ಬಂದೆ. ತವರಿನ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸಲು ಹಾಲವಾಣ ನೆಡುವುದನ್ನು ನೋಡುತ್ತಲೇ ಬೆಳೆದವಳು ನಾನು. ತಲೆಕೆಳಗಾಗಿ ನೆಟ್ಟರೆ ಅದು ಬದುಕುವುದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಒಂದೊಂದು ಗೂಟದ ಬುಡಕ್ಕೇ ಸಗಣಿ ಮೆತ್ತಿ ನಿನ್ನ ಕೈಗೆ ಕೊಟ್ಟೆ. ನೀನು ಹಾಡಿಕೊಂಡು, ಸಗಣಿ ಮೇಲೆ ಬರುವಂತೆ ನೆಡುತ್ತಾ ಹೋದೆ. ಬೇಲಿ ಏಳದಿದ್ದರೆ ಸಾಕು, ನೀನು ಬರುತ್ತಿರುತ್ತೀಯ — ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಒಣಗಿದ ಮೇಲೆ ಅದನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬುದು... ಥೂ, ನನ್ನ ಬುದ್ಧಿಗಿಷ್ಟು!

ಮಳೆ ಬಂತು. ಒಂದು ಗೂಟವೂ ಚಿಗುರಲಿಲ್ಲ. ಅದೇ ಹೊತ್ತಿಗೆ ನಿಮ್ಮ ಕೊಟ್ಟಿಗೆಯಲ್ಲಿ ಕರು ಸತ್ತಿತು. ನಿಂಗಮ್ಮನ ಕೂಗು ನಮ್ಮ ಅಡುಗೆಮನೆಯವರೆಗೂ ಕೇಳಿತು.

"ಈ ಮೂದೇವಿ ಕೈ ಇಟ್ಟಿದ್ದೆಲ್ಲ ಒಣಗೋಯ್ತದೆ! ನಡಿ, ನಿಮ್ಮವ್ವನ ಮನೆಗೆ ಬುಟ್ಟು ಬತ್ತೀನಿ!"

ಹೊರಡುವ ಮುಂಚೆ ನೀನು ಆ ಒಣ ಗೂಟಗಳ ಸಂದಿನಲ್ಲಿ ನುಸುಳಿ ಬಂದೆ. ಕಣ್ಣು ಊದಿಕೊಂಡಿದ್ದವು.

"ಅಕ್ಕಾವ್ರೇ, ನೀವು ಮೆತ್ಕೊಟ್ಟಂಗೇ ನೆಟ್ನಲ್ಲಾ... ನನ್ ಕೈಗುಣ ಅಷ್ಟು ಕೆಟ್ದಾ? ನೀವಾರಾ ಯೋಳಿ."

ಒಂದು ಮಾತು. ಬೇಕಾಗಿದ್ದದ್ದು ಒಂದೇ ಮಾತು. ಗೂಟ ಕಿತ್ತು ತೋರಿಸಿದ್ದರೆ ನಿಂಗಮ್ಮನಿಗೂ ತಿಳಿಯುತ್ತಿತ್ತು. ಗುಮಾಸ್ತರ ಹೆಂಡತಿ ಎನ್ನುವ ಮರ್ಯಾದೆ — ಅದು ಹೋಗುತ್ತದಲ್ಲ ಅಂತ ಹೆದರಿದೆ. "ಮಳೆ ಸಾಲಲಿಲ್ಲ ಕಣಮ್ಮ" ಅಂದೆ. ಹಿಂದಿನ ಸಂಜೆಯಷ್ಟೇ ಅಂಗಳದಲ್ಲೆಲ್ಲ ನೀರು ನಿಂತಿತ್ತು. ನೀನು ನಿನ್ನ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಹೊರಟುಹೋದೆ. ಮತ್ತೆ ಆ ಮನೆಗೆ ನಿನ್ನನ್ನು ಕರೆತರಲಿಲ್ಲ. ನಿನ್ನ ಗಂಡನಿಗೆ ಬೇರೆ ಹೆಣ್ಣು ತಂದರು.

ಮರುವರ್ಷ ನಿಂಗಮ್ಮ ಹೊಸ ಗೂಟ ತರಿಸಿ, "ನೀವೇ ನೆಟ್ಟುಕೊಡಿ ಕಣವ್ವ" ಅಂತ ನನ್ನನ್ನೇ ಕರೆದಳು. ಹೋದೆ. ಈ ಸಲ ಸರಿಯಾಗಿ ಮೆತ್ತಿ, ಸರಿಯಾಗಿ ನೆಟ್ಟೆ. ಎಲ್ಲವೂ ಚಿಗುರಿದವು. ಕೈಗುಣ ಅಂದರೆ ಇದು ಅಂತ ಊರಿಗೆಲ್ಲ ಹೇಳಿಕೊಂಡು ಬಂದಳು. ಅಯ್ಯೋ, ಆ ಹೊಗಳಿಕೆ ನುಂಗಿಕೊಂಡು ನಿಂತೆನಲ್ಲ.

ನಮ್ಮವರು ಹೋದರು, ನಿಂಗಮ್ಮನೂ ಹೋದಳು. ನಾನು ಇದೇ ಮನೆಯಲ್ಲಿ ಉಳಿದೆ, ಬೇಲಿಯೂ ಇದೆ. ವರ್ಷ ವರ್ಷವೂ ಸವರಿಸುತ್ತೇನೆ, ಸವರಿದಷ್ಟೂ ದಟ್ಟವಾಗುತ್ತದೆ. ಆಚೆ ಮನೆಯ ಹೊಗೆಯೂ ಕಾಣುವುದಿಲ್ಲ.

ನೀನು ಇನ್ನೂ ತವರಿನಲ್ಲೇ ಇದ್ದೀಯಂತೆ. ನಾಳೆ ಮದ್ದೂರಿನ ಬಸ್ಸು ಹತ್ತಿ ನಿಡಘಟ್ಟಕ್ಕೆ ಬರುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ನಾನು ಬಂದ ಮೇಲೆ ನಿನ್ನ ಅಣ್ಣತಮ್ಮಂದಿರನ್ನೂ ಕೇರಿಯ ಹೆಂಗಸರನ್ನೂ ಕರೆಸು. ಅವರೆಲ್ಲರ ಎದುರು ನಿನ್ನ ಕೈ ಹಿಡಿದು, ಈ ಕೈಯಲ್ಲಿ ಏನೂ ತಪ್ಪಿರಲಿಲ್ಲ ಎಂದು ಹೇಳುತ್ತೇನೆ — ನೀನು ಹಿಡಿಯಲು ಕೊಟ್ಟರೆ.