ತೊಂಬತ್ತೆಂಟು ಆಂಪಿಯರ್

ನಮ್ಮ ಹೌಸಿಂಗ್ ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ, ಜನರೇಟರ್ ಕೋಣೆಯ ಪಕ್ಕ, ಹಸಿರು ಬಣ್ಣದ ಒಂದು ಎಲೆಕ್ಟ್ರಿಕ್ ಟ್ರ್ಯಾಕ್ಟರ್ ತಾಡಪತ್ರಿ ಹೊದ್ದು ನಿಂತಿದೆ. ಹೊಲ ಉಳುವ ಟ್ರ್ಯಾಕ್ಟರ್ ಅಲ್ಲ. ಮೇಲೆ ಕೂತು ಹುಲ್ಲು ಕತ್ತರಿಸುವ, ಬ್ಯಾಟರಿಯಲ್ಲಿ ಓಡುವ ತೋಟದ ಪುಟ್ಟ ಗಾಡಿ. ಕಾರು ತೆಗೆಯಲು ಹೋದಾಗಲೆಲ್ಲ ನಾನು ಆ ಕಡೆ ನೋಡುವುದಿಲ್ಲ. ನೋಡದೆ ಇರುವುದೂ ಒಂದು ಕೆಲಸವೇ, ದಿನಾ ಮಾಡಬೇಕು.

ಮುಂಬೈ ಪಕ್ಕದ ಠಾಣೆ ಊರಿನ ಘೋಡಬಂದರ್ ರಸ್ತೆಯ ನಮ್ಮ ಏಳು ಟವರುಗಳ ಕಾಂಪ್ಲೆಕ್ಸಿಗೆ ಅದು ಬಂದ ದಿನ ಸೆಕ್ರೆಟರಿ ತೆಂಗಿನಕಾಯಿ ಒಡೆದರು, ಕಮಿಟಿಯವರೆಲ್ಲ ಫೋಟೊ ತೆಗೆಸಿಕೊಂಡರು. ಬಾನೆಟ್ಟಿನ ಮೇಲೆ ದೊಡ್ಡದಾಗಿ ಐದು ಕಿಲೋವ್ಯಾಟ್ ಎಂದು ಬರೆದಿತ್ತು. ನಾನು ಠಾಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೋಟರ್ ಟೆಸ್ಟ್ ಮಾಡಿ ನಿವೃತ್ತನಾದವನು, ಬಾನೆಟ್ಟಿನ ಅಕ್ಷರ ನಂಬುವ ಜಾತಿಯವನಲ್ಲ. ಬಗ್ಗಿ ಸೀಟಿನ ಕೆಳಗಿನ ತಗಡಿನ ಪಟ್ಟಿ ಓದಿದೆ. ಸತತವಾಗಿ ಓಡಿಸುವುದಾದರೆ ಎರಡು ಕಿಲೋವ್ಯಾಟ್. ನಲವತ್ತೆಂಟು ವೋಲ್ಟಿನಲ್ಲಿ ನಲವತ್ತೆರಡು ಆಂಪಿಯರ್. ಐದು ಎನ್ನುವುದು ಬರೀ ಒಂದು ನಿಮಿಷದ ಮಾತು. ನಾಯಿ ಅಟ್ಟಿಸಿಕೊಂಡು ಬಂದರೆ ನಾನೂ ಒಂದು ನಿಮಿಷ ಓಡಬಲ್ಲೆ. ಹಾಗೆಂದು ನನ್ನನ್ನು ಓಟಗಾರ ಎಂದು ಯಾರಾದರೂ ಮಾರಿದರೆ ಅದು ಮೋಸ.

ಸೆಕ್ರೆಟರಿಗೆ ಹೇಳಿದೆ. "ಅಂಕಲ್, ನೆಗೆಟಿವ್ ಮತ್ ಬೋಲೋ", ಅಪಶಕುನ ನುಡಿಯಬೇಡಿ, ಎಂದು ನಕ್ಕರು.

ಓಡಿಸುವ ಕೆಲಸ ತೋಟದ ಮಾಲಿಯ ಪಾಲಿಗೆ ಬಂತು. ವಿಜಯಪುರದ ಕಡೆಯವರು, ನಲವತ್ತು ದಾಟಿತ್ತು. ಪಂಪ್‌ಹೌಸಿನ ಹಿಂದಿನ ಒಂದು ಕೋಣೆಯಲ್ಲಿ ಹೆಂಡತಿಯೊಡನೆ ಇದ್ದರು. ಕೋಣೆ ಕೆಲಸದ ಜೊತೆ ಸಿಕ್ಕಿದ್ದು. ಕೆಲಸ ಹೋದರೆ ಅದೂ ಹೋಯಿತು. ನನ್ನ ಮಗಳೇ ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಊರಿನಲ್ಲಿ ನನಗೆ ಬಾಯ್ತುಂಬ ಕನ್ನಡ ಮಾತಾಡಲು ಇದ್ದವರು ಅವರೊಬ್ಬರೇ. ನನ್ನ ಉಡುಪಿ ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ.

ಮಳೆಗಾಲದಲ್ಲಿ ಹುಲ್ಲು ಮೊಣಕಾಲಿಗೆ ಬಂದಾಗ ಅವರು ನನ್ನ ಹತ್ತಿರ ಬಂದು, "ಸಾಹೇಬ್ರ, ಕ್ಲಬ್‌ಹೌಸಿನ ಏರಿನಾಗ ಇದಕ್ಕ ದಮ್ಮು ಹತ್ತತೈತ್ರಿ" ಎಂದರು. ಕಿವಿಯಿಂದಲೇ ತಿಳಿದುಕೊಂಡಿದ್ದರು. ನಾನು ಕಪಾಟಿನಿಂದ ನನ್ನ ಹಳೆಯ ಕ್ಲ್ಯಾಂಪ್ ಮೀಟರ್ ತೆಗೆದೆ. ಕೇಬಲ್ಲಿಗೆ ಕಚ್ಚಿಸಿದರೆ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅದು ತೋರಿಸುತ್ತದೆ. ಅವರು ಗಾಡಿ ಓಡಿಸುವುದು, ನಾನು ಪಕ್ಕದಲ್ಲಿ ನಡೆಯುತ್ತಾ ಓದುವುದು. ಸಮತಟ್ಟಿನ ಒಣ ಹುಲ್ಲಿನಲ್ಲಿ ನಲವತ್ತು. ಒದ್ದೆ ಹುಲ್ಲಿನಲ್ಲಿ ಅರವತ್ತು. ಏರಿನಲ್ಲಿ ಎಂಬತ್ತರ ಮೇಲೆ. ಸತ್ಯ ಹೇಳುತ್ತೇನೆ, ನಿವೃತ್ತನಾದ ಮೇಲೆ ಅಷ್ಟು ಖುಷಿಯಾಗಿ ನಾನು ಇದ್ದದ್ದೇ ಇಲ್ಲ.

ಕಾರ್ಖಾನೆಯ ಅಭ್ಯಾಸದಂತೆ ಶೀಟ್ ಬರೆದೆ. ಜಾಗ, ಹುಲ್ಲು, ಆಂಪಿಯರ್, ಕೊನೆಗೆ ಓಡಿಸಿದವರ ಸಹಿ. ಆ ಸಹಿಯಿಲ್ಲದ ರೀಡಿಂಗಿಗೆ ನಮ್ಮಲ್ಲಿ ಬೆಲೆಯಿರಲಿಲ್ಲ.

"ಇಂಗ್ಲಿಷಿನಾಗ ಬರದದ್ದಕ್ಕ ನಾ ಸಹಿ ಹಾಕಂಗಿಲ್ರಿ" ಎಂದರು ಅವರು. ಹಿಂದೆ ಯಾವನೋ ಕಂಟ್ರಾಕ್ಟರ್ ಕಾಗದದಲ್ಲಿ ಟೋಪಿ ಹಾಕಿದ್ದನಂತೆ.

"ನಾನಿದ್ದೇನಲ್ಲ ಮಾರಾಯ್ರೆ" ಎಂದೆ.

ಹಾಕಿದರು. ಪ್ರತಿ ಸಾಲಿನ ಕೊನೆಗೂ, ಗುಂಡಗಿನ ಕನ್ನಡ ಅಕ್ಷರದಲ್ಲಿ.

ಆಗಸ್ಟಿನಲ್ಲಿ ಧ್ವಜಾರೋಹಣಕ್ಕೆ ಮುಂಚೆ ಏರನ್ನು ಸಾಫ್ ಮಾಡಬೇಕೆಂದು ಸೆಕ್ರೆಟರಿ ಹುಕುಂ ಕೊಟ್ಟರು. ಆ ಬೆಳಿಗ್ಗೆ ಎರಡು ಸಲ ಹತ್ತಿ ಇಳಿದ ಮೇಲೆ ಮಾಲಿ ಗಾಡಿ ನಿಲ್ಲಿಸಿ ಮೋಟರಿನ ಮೇಲೆ ಅಂಗೈ ಇಟ್ಟು ಫಕ್ಕನೆ ತೆಗೆದರು. "ಸಾಕ್ರಿ ಸಾಹೇಬ್ರ, ಭಾಳ ಕಾದೈತಿ." ನನಗೆ ಅದು ಗೊತ್ತಿತ್ತು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ ಎಂದು ಎಷ್ಟು ಹೊಸಬರಿಗೆ ಪಾಠ ಮಾಡಿದವನು ನಾನು! ಆದರೆ ಮೀಟರಿನಲ್ಲಿ ಅಂಕಿ ಇನ್ನೂ ಒಂದು ಕಡೆ ನಿಂತಿರಲಿಲ್ಲ, ನನಗೆ ನಿಂತ ಅಂಕಿಯೇ ಬೇಕಿತ್ತು. "ಇನ್ನೊಂದೇ ಸಲ ಹತ್ತಿಸಿ" ಎಂದೆ. ಅವರು ನನ್ನ ಮುಖ ನೋಡಿ, ಮತ್ತೆ ಹತ್ತಿಸಿದರು. ಅಂಕಿ ತೊಂಬತ್ತೆಂಟಕ್ಕೆ ನಿಂತಿತು. ನಾನು ಬರೆದುಕೊಳ್ಳುತ್ತಿರುವಾಗಲೇ ಮೋಟರಿನ ತಂತಿಯ ವಾರ್ನಿಶ್ ಸುಟ್ಟ ವಾಸನೆ ಬಂತು, ಗಾಡಿ ನಿಂತೇ ಹೋಯಿತು.

ಅವರು ಇಳಿದು ಬಂದು ಅದಕ್ಕೂ ಸಹಿ ಹಾಕಿದರು.

ಆ ಶೀಟನ್ನು ನಾನೇ, ನನ್ನ ಕೈಯಾರೆ, ಕಮಿಟಿಗೆ ಕೊಟ್ಟೆ. ಗಾಡಿಗೆ ಹೇಳಿದಷ್ಟು ತಾಕತ್ತಿಲ್ಲ ಎಂದು ಡೀಲರನ ಮುಖಕ್ಕೆ ಹಿಡಿಯುವ ಹುಮ್ಮಸ್ಸು ನನ್ನದು. ಕಮಿಟಿಯ ಸಭೆಗೆ ಬಂದ ಡೀಲರನ ಕಡೆಯವನು ಸೂಟಿಲ್ಲದೆ, ಸಿಟ್ಟಿಲ್ಲದೆ, ಎರಡೇ ನಿಮಿಷ ಓದಿದ. ಪಟ್ಟಿಯಲ್ಲಿ ನಲವತ್ತೆರಡು, ಇಲ್ಲಿ ತೊಂಬತ್ತೆಂಟು, ಪಕ್ಕದಲ್ಲಿ ಓಡಿಸಿದವನ ಸಹಿ. ದುರುಪಯೋಗ, ವಾರಂಟಿ ಇಲ್ಲ ಎಂದು ಕೈ ತೊಳೆದುಕೊಂಡ. ಸೆಕ್ರೆಟರಿಗೆ ತಮ್ಮ ಹುಕುಂ ಮರೆತೇ ಹೋಗಿತ್ತು. ಮಾಲಿಯನ್ನು ತೆಗೆದುಹಾಕಬೇಕು ಎಂದರು. ನಾನು ಎದ್ದು ನಿಂತು ಒಂದು ನಿಮಿಷದ ತಾಕತ್ತು ಬೇರೆ, ಸತತ ತಾಕತ್ತು ಬೇರೆ ಎಂದು ವಿವರಿಸಿದೆ. "ಶೀಟ್ ತೋ ಆಪ್ ಕಾ ಹೀ ಹೈ ನಾ, ಅಂಕಲ್?", ಶೀಟ್ ಬರೆದದ್ದು ನೀವೇ ತಾನೆ, ಎಂದರು ಸೆಕ್ರೆಟರಿ.

ಮಾಲಿ ಬಾಗಿಲ ಬಳಿ ನಿಂತಿದ್ದರು. ಮೂರನೇ ಸಲ ಹತ್ತಿಸಲು ಹೇಳಿದ್ದು ನಾನು ಎನ್ನುವ ಒಂದು ವಾಕ್ಯ ಸಾಕಿತ್ತು. ಅವರು ಅದನ್ನು ಹೇಳಲಿಲ್ಲ, ಬಹುಶಃ ನಾನೇ ಹೇಳುತ್ತೇನೆ ಎಂದುಕೊಂಡಿದ್ದರು. ನಾನು ಕೂತೆ. ಮೂವತ್ತು ವರ್ಷದ ಹೆಸರು, ಏಳು ಟವರುಗಳ ಜನರ ಮುಂದೆ ಹೋಗುತ್ತದಲ್ಲ ಎಂಬ ಹೆದರಿಕೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಸಾಕಾಗಿದೆ. ಆ ವಾರವೇ ಅವರು ಕೋಣೆ ಖಾಲಿ ಮಾಡಿದರು.

ಅವರು ನವಿ ಮುಂಬೈಯ ಸಾನಪಾಡಾದಲ್ಲಿ ಗಿಡ ಮಾರುವ ಒಂದು ನರ್ಸರಿಯಲ್ಲಿ ದಿನಗೂಲಿಗೆ ಇದ್ದಾರೆ ಎಂದು ವಾಚ್‌ಮನ್ ಹೇಳಿದ್ದು ಮೊನ್ನೆ. ಅಲ್ಲೇ ಒಂದು ಸೊಸೈಟಿಯಲ್ಲಿ ಮಾಲಿಯ ಕೆಲಸ ಖಾಲಿಯಿತ್ತು, ಕೋಣೆ ಸಮೇತ. ಅವರ ಬಗ್ಗೆ ಒಂದು ಪತ್ರ ಬರೆದೆ, ಈ ಸಲ ಕನ್ನಡದಲ್ಲೂ ಒಂದು ಪ್ರತಿ. ಪ್ರಾಮಾಣಿಕರು, ಯಂತ್ರದ ನಾಡಿ ಬಲ್ಲವರು ಎಂದೆಲ್ಲ. ಕೆಳಗೆ ಅವರ ಸಹಿಗೆ ಜಾಗ ಬಿಟ್ಟೆ. ನರ್ಸರಿಗೆ ಹೋಗಿ ಅವರ ಕೈಗೆ ಕೊಟ್ಟೆ.

ಅವರು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, ನಿಂತಲ್ಲೇ, ನಿಧಾನವಾಗಿ ಪೂರ್ತಿ ಓದಿದರು. ಸುಟ್ಟ ಮೋಟರಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮಡಚಿ ನನ್ನ ಅಂಗಿಯ ಜೇಬಿಗೆ ಅವರೇ ಇಟ್ಟರು.

"ನೀವು ಬರದದ್ದು ಖರೇನ ಇರತೈತ್ರಿ ಸಾಹೇಬ್ರ" ಎಂದರು. "ಪೂರಾ ಇರಂಗಿಲ್ಲ."

ಆಮೇಲೆ ಗಿಡಗಳಿಗೆ ನೀರು ಬಿಡಲು ಹೋದರು.